ನಾಲ್ಕು ಸಿಲಿಂಡರ್‌ನಲ್ಲಿ ಎರಡಕ್ಕೆ ರಜೆ: ಮೈಲೇಜ್ ಲೆಕ್ಕ, ನಮ್ಮ ಕೆಲಸದ ಲೆಕ್ಕ

ಊರಿಗೆ ಹೊಸ ಕಾರು ಬಂದರೆ ನಮ್ಮ ಕಡೆ ಮೊದಲು ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಕೊಡ್ತದಣ್ಣ?’ ಬೆಲೆ, ಬಣ್ಣ, ಕಂಪನಿ ಎಲ್ಲ ಆಮೇಲೆ. ಇದನ್ನು ಜಿಪುಣತನ ಎಂದು ನಗುವಂತಿಲ್ಲ. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇ 85ಕ್ಕೂ ಹೆಚ್ಚು ಹೊರಗಿನಿಂದ ಬರುತ್ತದೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿದ ಮೇಲೆ ಬೆಂಗಳೂರಿನಲ್ಲಿ ಲೀಟರ್ ಬೆಲೆ ₹102 ದಾಟಿತು. ಡಿಪ್ಲೊಮಾ ಮುಗಿಸಿ ಕೆಲಸ ಸಿಗದವರಿಗೆ ಯುವನಿಧಿಯಲ್ಲಿ ತಿಂಗಳಿಗೆ ಬರುವುದು ₹1,500. ಆ ಹಣಕ್ಕೆ 15 ಲೀಟರ್ ಪೆಟ್ರೋಲ್ ಕೂಡ ಪೂರ್ತಿ ಬರುವುದಿಲ್ಲ. ಸಂದರ್ಶನಕ್ಕೆಂದು ಪೀಣ್ಯ, ಬೊಮ್ಮಸಂದ್ರ, ಬಿಡದಿ ಸುತ್ತುವವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಹೊಸಕೋಟೆಗೆ ಹೊಂದಿಕೊಂಡ ಪಿಲ್ಲಗುಂಪೆ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಮೆಷಿನಿಂಗ್ ಘಟಕದಲ್ಲಿ ಅಪ್ರೆಂಟಿಸ್ ಆಗಿದ್ದೇನೆ. ಊಟದ ಬಿಡುವಿನಲ್ಲಿ ನಮ್ಮ ನಡುವೆ ನಡೆಯುವ ಮಾತು ಹೆಚ್ಚಾಗಿ ಎರಡು. ಎಲೆಕ್ಟ್ರಿಕ್ ವಾಹನ ಬಂದರೆ ಎಂಜಿನ್ ಭಾಗ ಮಾಡುವ ನಮ್ಮ ಕಥೆ ಏನು? ಇ20 ಪೆಟ್ರೋಲ್ ಬಂದ ಮೇಲೆ ಮೈಲೇಜ್ ಯಾಕೆ ಇಳಿಯಿತು? ಈ ಎರಡೂ ಪ್ರಶ್ನೆಗಳ ನಡುವೆ ಒಂದು ವಿಷಯ ಚರ್ಚೆಗೇ ಬರುವುದಿಲ್ಲ. ಅದು ಪೆಟ್ರೋಲ್ ಎಂಜಿನ್‌ನಲ್ಲಿ ಅಗತ್ಯವಿಲ್ಲದಾಗ ಕೆಲವು ಸಿಲಿಂಡರ್‌ಗಳನ್ನು ಸುಮ್ಮನಾಗಿಸಿ, ಉಳಿದವುಗಳಿಂದಲೇ ಕಾರು ಓಡಿಸುವ ತಂತ್ರಜ್ಞಾನ. ಭಾರತದ ರಸ್ತೆಗಳಿಗೆ ಅದು ಬಂದು ಕೆಲವು ವರ್ಷಗಳೇ ಆಗಿವೆ. ಅದನ್ನು ಅರ್ಥ ಮಾಡಿಕೊಂಡರೆ ಮೈಲೇಜ್ ಬಗ್ಗೆ ಅಷ್ಟೇ ಅಲ್ಲ, ನಾವು ಏನು ಕಲಿಯಬೇಕು ಎಂಬುದರ ಬಗ್ಗೆಯೂ ಒಂದು ಸ್ಪಷ್ಟತೆ ಸಿಗುತ್ತದೆ.

ಖಾಲಿ ಬಂಡಿಗೆ ನಾಲ್ಕು ಎತ್ತು

ಕಾರಿನ ಎಂಜಿನ್ ಎಷ್ಟು ಶಕ್ತಿ ಕೊಡಬಲ್ಲದು, ನಿಜವಾಗಿ ಎಷ್ಟು ಬೇಕು ಎಂಬ ಎರಡರ ನಡುವಿನ ಅಂತರ ಬಹಳ ದೊಡ್ಡದು. ಪಾಠದಲ್ಲಿ ಕಲಿತ ಸೂತ್ರಗಳನ್ನೇ ಹಾಕಿ ನೋಡಿದೆ. 1,300 ಕೆ.ಜಿ. ತೂಕದ ಕಾರು ಸಮತಟ್ಟು ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಒಂದೇ ಸಮ ಹೋಗಲು, ಗಾಳಿ ಮತ್ತು ಟೈರಿನ ಪ್ರತಿರೋಧ ಎರಡನ್ನೂ ಸೇರಿಸಿದರೆ, ಚಕ್ರಗಳಿಗೆ ಬೇಕಾಗುವುದು ಸುಮಾರು 8 ಕಿಲೊವ್ಯಾಟ್. 100 ಕಿ.ಮೀ. ವೇಗಕ್ಕೆ ಸುಮಾರು 13 ಕಿಲೊವ್ಯಾಟ್. ಆದರೆ 150 ಅಶ್ವಶಕ್ತಿಯ ಎಂಜಿನ್ ಕೊಡಬಲ್ಲದ್ದು 110 ಕಿಲೊವ್ಯಾಟ್. ಅಂದರೆ ಹೆದ್ದಾರಿಯಲ್ಲಿ ಹಾಯಾಗಿ ಹೋಗುವಾಗ ಎಂಜಿನ್ ತನ್ನ ಶಕ್ತಿಯ ಎಂಟರಲ್ಲೊಂದು ಪಾಲನ್ನಷ್ಟೇ ಬಳಸುತ್ತದೆ. ಖಾಲಿ ಬಂಡಿಗೆ ನಾಲ್ಕು ಎತ್ತು ಕಟ್ಟಿದ ಹಾಗೆ.

ಎತ್ತು ನಾಲ್ಕಿದ್ದರೆ ಮೇವೂ ನಾಲ್ಕರದ್ದೇ. ಪೆಟ್ರೋಲ್ ಎಂಜಿನ್‌ನಲ್ಲಿ ಈ ‘ಮೇವು’ ವ್ಯರ್ಥವಾಗುವ ಜಾಗ ಥ್ರಾಟಲ್. ನಾವು ಆಕ್ಸಿಲರೇಟರ್ ಮೇಲಿನ ಕಾಲು ಸಡಿಲಿಸಿದಾಗ ಥ್ರಾಟಲ್ ಬಹುತೇಕ ಮುಚ್ಚಿಕೊಂಡು ಎಂಜಿನ್‌ಗೆ ಹೋಗುವ ಗಾಳಿಯನ್ನು ಕಡಿಮೆ ಮಾಡುತ್ತದೆ. ಆಗ ಪಿಸ್ಟನ್‌ಗಳು ಆ ಸಂದಿಯಿಂದಲೇ ಗಾಳಿ ಹೀರಬೇಕು. ಎಳನೀರಿನ ಸ್ಟ್ರಾವನ್ನು ಬೆರಳಿನಲ್ಲಿ ಒತ್ತಿ ಹಿಡಿದು ಹೀರಿ ನೋಡಿ, ಕಷ್ಟ ಗೊತ್ತಾಗುತ್ತದೆ. ಹೀಗೆ ಹೀರುವುದಕ್ಕೇ ಖರ್ಚಾಗುವ ಶಕ್ತಿಯನ್ನು ಪಂಪಿಂಗ್ ನಷ್ಟ ಎನ್ನುತ್ತಾರೆ. ಎಂಜಿನ್ ಮೇಲೆ ಭಾರ ಕಡಿಮೆಯಾದಷ್ಟೂ ಈ ನಷ್ಟದ ಪಾಲು ಹೆಚ್ಚು. ಡೀಸೆಲ್ ಎಂಜಿನ್‌ಗೆ ಈ ತೊಂದರೆ ಅಷ್ಟಾಗಿ ಇಲ್ಲ. ಅಲ್ಲಿ ಗಾಳಿಗೆ ಅಡ್ಡ ಹಾಕುವುದಿಲ್ಲ, ಇಂಧನವನ್ನಷ್ಟೇ ಹೆಚ್ಚು ಕಡಿಮೆ ಮಾಡುತ್ತಾರೆ. 1998ರಿಂದ ಹೊಸಕೋಟೆಯಲ್ಲಿರುವ ವೋಲ್ವೊ ಕಾರ್ಖಾನೆಯ ಲಾರಿಗಳು ಡೀಸೆಲ್ ಕುಡಿಯುವುದಕ್ಕೆ, ನಮ್ಮ ಕಾರು ಪೆಟ್ರೋಲ್ ಕುಡಿಯುವುದಕ್ಕೆ ಇರುವ ಮೂಲ ವ್ಯತ್ಯಾಸಗಳಲ್ಲಿ ಇದೂ ಒಂದು.

ಈಗ ನಾಲ್ಕರಲ್ಲಿ ಎರಡು ಸಿಲಿಂಡರ್‌ಗೆ ರಜೆ ಕೊಡೋಣ. ಕಾರು ಅದೇ ವೇಗದಲ್ಲಿ ಹೋಗಬೇಕಾದರೆ ಉಳಿದ ಎರಡು ಸಿಲಿಂಡರ್ ಎರಡು ಪಾಲು ದುಡಿಯಬೇಕು. ಅದಕ್ಕೆ ಅವುಗಳಿಗೆ ಹೆಚ್ಚು ಗಾಳಿ ಬೇಕು, ಥ್ರಾಟಲ್ ಇನ್ನಷ್ಟು ತೆರೆಯಬೇಕು. ಥ್ರಾಟಲ್ ತೆರೆದರೆ ಹೀರುವ ಕಷ್ಟ ಕಡಿಮೆ. ದೊಡ್ಡ ಎಂಜಿನ್ ಸ್ವಲ್ಪ ಹೊತ್ತು ಸಣ್ಣ ಎಂಜಿನ್ ಆಗುತ್ತದೆ. ಉಳಿತಾಯ ಬರುವುದು ಇಲ್ಲಿಂದ.

ಬರೀ ಪೆಟ್ರೋಲ್ ನಿಲ್ಲಿಸಿದರೆ ಸಾಲದೇ?

ಸಾಲದು. ಆ ಎರಡು ಸಿಲಿಂಡರ್‌ಗೆ ಪೆಟ್ರೋಲ್ ಮಾತ್ರ ನಿಲ್ಲಿಸಿ ವಾಲ್ವ್‌ಗಳನ್ನು ಎಂದಿನಂತೆ ಬಿಟ್ಟರೆ, ಪಿಸ್ಟನ್‌ಗಳು ಬರಿ ಗಾಳಿಯನ್ನು ಒಳಗೆಳೆದು ಹೊರಗೆ ತಳ್ಳುತ್ತಲೇ ಇರುತ್ತವೆ. ಹೀರುವ ಕಷ್ಟ ತಪ್ಪುವುದಿಲ್ಲ. ಜೊತೆಗೆ ಸೈಲೆನ್ಸರ್ ಕಡೆಗೆ ತಣ್ಣನೆಯ ಗಾಳಿ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಕೆಡುತ್ತದೆ. ಅದಕ್ಕೇ ಆ ಸಿಲಿಂಡರ್‌ನ ಒಳಬರುವ, ಹೊರಹೋಗುವ ವಾಲ್ವ್‌ಗಳೆರಡನ್ನೂ ಮುಚ್ಚಿಡಬೇಕು. ಆಗ ಒಳಗೆ ಸಿಕ್ಕಿಬಿದ್ದ ಗಾಳಿ ಸ್ಪ್ರಿಂಗ್‌ನಂತೆ ವರ್ತಿಸುತ್ತದೆ. ಪಿಸ್ಟನ್ ಮೇಲೆ ಬರುವಾಗ ಒತ್ತಿಕೊಳ್ಳುತ್ತದೆ, ಕೆಳಗೆ ಹೋಗುವಾಗ ಆ ಶಕ್ತಿಯ ಬಹುಪಾಲನ್ನು ವಾಪಸ್ ಕೊಡುತ್ತದೆ.

ವಾಲ್ವ್ ಮುಚ್ಚಿಡುವ ಕೆಲಸದಲ್ಲಿ ಕಬ್ಬಿಣ ಮತ್ತು ಕಂಪ್ಯೂಟರ್ ಎರಡೂ ಸೇರಬೇಕು. ಫೋಕ್ಸ್‌ವ್ಯಾಗನ್ ವಿಧಾನದಲ್ಲಿ ಕ್ಯಾಮ್‌ಶಾಫ್ಟ್ ಮೇಲೆ ಜಾರುವ ತೋಳುಗಳಿರುತ್ತವೆ. ಒಂದು ಪಿನ್ ಇಳಿದು ಆ ತೋಳನ್ನು ಪಕ್ಕಕ್ಕೆ ಸರಿಸಿದರೆ, ವಾಲ್ವ್ ಒತ್ತುವ ಉಬ್ಬಿನ ಜಾಗಕ್ಕೆ ಉಬ್ಬಿಲ್ಲದ ದುಂಡು ಭಾಗ ಬರುತ್ತದೆ. ವಾಲ್ವ್ ತೆರೆಯುವುದೇ ಇಲ್ಲ. ಈ ಬದಲಾವಣೆಗೆ ಬೇಕಾಗುವುದು 13ರಿಂದ 36 ಮಿಲಿಸೆಕೆಂಡ್. ಅಷ್ಟರಲ್ಲೇ ಇಗ್ನಿಷನ್, ಥ್ರಾಟಲ್ ಎರಡನ್ನೂ ಎಂಜಿನ್ ಕಂಪ್ಯೂಟರ್ ತಿದ್ದಿ, ಓಡಿಸುವವರಿಗೆ ಜರ್ಕ್ ಗೊತ್ತಾಗದಂತೆ ನೋಡಿಕೊಳ್ಳುತ್ತದೆ. ಓವರ್‌ಟೇಕ್ ಮಾಡಲು ಆಕ್ಸಿಲರೇಟರ್ ಒತ್ತಿದೊಡನೆ ನಾಲ್ಕೂ ಸಿಲಿಂಡರ್ ಎದ್ದು ಕೂರುತ್ತವೆ.

ಕಂಪ್ಯೂಟರ್ ಹಿಂದುಳಿದರೆ ಏನಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲೇ ಪಾಠ ಇದೆ. 1981ರಲ್ಲಿ ಅಮೆರಿಕದ ಕ್ಯಾಡಿಲಾಕ್ ಎಂಟು ಸಿಲಿಂಡರ್ ಎಂಜಿನ್ ಒಂದನ್ನು ತಂದಿತು. ಅಗತ್ಯಕ್ಕೆ ತಕ್ಕಂತೆ ಅದು ಎಂಟು, ಆರು ಅಥವಾ ನಾಲ್ಕು ಸಿಲಿಂಡರ್‌ನಲ್ಲಿ ಓಡಬೇಕಿತ್ತು. ಕಲ್ಪನೆ ಸರಿಯಾಗಿಯೇ ಇತ್ತು. ಆದರೆ ಆ ಕಾಲದ ಕಂಪ್ಯೂಟರ್‌ಗೆ ಅಷ್ಟು ಬೇಗ ನಿರ್ಧರಿಸಲು ಆಗಲಿಲ್ಲ. ಕಾರು ಮುಗ್ಗರಿಸುತ್ತಿತ್ತು. ಎಷ್ಟೋ ಮಾಲೀಕರು ಆ ವ್ಯವಸ್ಥೆಯ ಸಂಪರ್ಕವನ್ನೇ ಕಡಿಸಿಕೊಂಡರು. ಹೆಚ್ಚಿನ ಮಾದರಿಗಳಲ್ಲಿ ಒಂದೇ ವರ್ಷಕ್ಕೆ ಅದು ಮುಗಿದುಹೋಯಿತು.

ಮತ್ತೆ ಇದಕ್ಕೆ ಜೀವ ಬಂದದ್ದು 1990ರ ದಶಕದ ಕೊನೆಯಲ್ಲಿ, ಮರ್ಸಿಡಿಸ್‌ನ ದೊಡ್ಡ ಕಾರುಗಳಲ್ಲಿ. 2003ರಲ್ಲಿ ಜಪಾನಿನಲ್ಲಿ ಹೋಂಡಾ ತನ್ನ ಆರು ಸಿಲಿಂಡರ್ ಎಂಜಿನ್‌ಗೆ ಅಳವಡಿಸಿತು. 2012ರಲ್ಲಿ ಫೋಕ್ಸ್‌ವ್ಯಾಗನ್ ನಾಲ್ಕು ಸಿಲಿಂಡರ್‌ನ 1.4 ಲೀಟರ್ ಎಂಜಿನ್‌ಗೆ ತಂದಿತು. 2018ರ ಹೊತ್ತಿಗೆ ಫೋರ್ಡ್ ಒಂದು ಲೀಟರ್‌ನ ಮೂರು ಸಿಲಿಂಡರ್ ಎಂಜಿನ್‌ನಲ್ಲೂ ಒಂದನ್ನು ನಿಲ್ಲಿಸಿ ತೋರಿಸಿತು. 2019ರ ಮಾದರಿಯ ಷೆವರ್ಲೆ ಸಿಲ್ವರಾಡೊ ಪಿಕಪ್‌ನಲ್ಲಿ ಜನರಲ್ ಮೋಟಾರ್ಸ್ ಇಟ್ಟ ವ್ಯವಸ್ಥೆ, ಯಾವ ಸಿಲಿಂಡರ್ ಉರಿಯಬೇಕು ಎಂಬುದನ್ನು 17 ಬಗೆಗಳಲ್ಲಿ ಬದಲಿಸಬಲ್ಲದು. ಈ ನಾಲ್ಕು ದಶಕಗಳಲ್ಲಿ ಪಿಸ್ಟನ್ ಅದೇ, ವಾಲ್ವ್ ಅದೇ. ಸೋತ ಕಲ್ಪನೆಯನ್ನು ಗೆಲ್ಲಿಸಿದ್ದರಲ್ಲಿ ದೊಡ್ಡ ಪಾಲು ನಿಯಂತ್ರಣದ್ದು.

ಎಲ್ಲವೂ ಸುಗಮ ಎಂದೇನಲ್ಲ. ಸುಮ್ಮನಿರುವ ಸಿಲಿಂಡರ್ ತಣ್ಣಗಾಗುತ್ತದೆ, ಪಿಸ್ಟನ್ ರಿಂಗ್ ದಾಟಿ ಆಯಿಲ್ ಮೇಲೆ ಬರಬಹುದು, ಸ್ಪಾರ್ಕ್ ಪ್ಲಗ್‌ಗೆ ಮಸಿ ಹಿಡಿಯಬಹುದು. ಹೋಂಡಾದ ಕೆಲವು ಆರು ಸಿಲಿಂಡರ್ ಎಂಜಿನ್‌ಗಳ ಬಗ್ಗೆ ಇಂಥ ದೂರುಗಳು ಅಮೆರಿಕದಲ್ಲಿ ನ್ಯಾಯಾಲಯದವರೆಗೆ ಹೋಗಿ, 2013ರಲ್ಲಿ ರಾಜಿಯಲ್ಲಿ ಮುಗಿದವು. ಭಾಗಗಳು ಹೆಚ್ಚಾದರೆ ಕೆಡುವ ಜಾಗಗಳೂ ಹೆಚ್ಚು. ಅಂಥ ಎಂಜಿನ್ ರಿಪೇರಿ ಮಾಡಲು ಬಲ್ಲ ಕೈಗಳೂ ಬೇಕು.

ಹೊಸಕೋಟೆಯ ಎರಡು ರಸ್ತೆಗಳು

ಭಾರತದಲ್ಲಿ ಇದು ಸಾಮಾನ್ಯ ಕೊಳ್ಳುಗರ ಕಣ್ಣಿಗೆ ಬಿದ್ದದ್ದು 2021ರಲ್ಲಿ. ಸ್ಕೋಡಾ ಕುಶಾಕ್, ಫೋಕ್ಸ್‌ವ್ಯಾಗನ್ ಟೈಗುನ್, ಮರುವರ್ಷ ಬಂದ ಸ್ಲಾವಿಯಾ, ವರ್ಟಸ್ ಕಾರುಗಳ 1.5 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್‌ನಲ್ಲಿ ನಾಲ್ಕರಲ್ಲಿ ಎರಡು ಸಿಲಿಂಡರ್ ನಿಲ್ಲುತ್ತವೆ. ಎರಡು ಸಿಲಿಂಡರ್‌ನಲ್ಲಿ ಓಡುತ್ತಿದ್ದೇವೆ ಎಂದು ಮುಂದಿನ ಪರದೆಯಲ್ಲಿ ತೋರಿಸುತ್ತದೆ.

ಎಷ್ಟು ಉಳಿಯುತ್ತದೆ? 2012ರಲ್ಲಿ 1.4 ಲೀಟರ್ ಎಂಜಿನ್ ತಂದಾಗ ಫೋಕ್ಸ್‌ವ್ಯಾಗನ್ ಹೇಳಿದ್ದು, ಆಗಿನ ಯುರೋಪಿಯನ್ ಪರೀಕ್ಷಾ ಕ್ರಮದಲ್ಲಿ 100 ಕಿ.ಮೀ.ಗೆ 0.4 ಲೀಟರ್. ಇದನ್ನೇ ನಮ್ಮ ರೂಪಾಯಿಗೆ ಇಳಿಸೋಣ. ವರ್ಷಕ್ಕೆ 12,000 ಕಿ.ಮೀ. ಓಡಿಸುವವರಿಗೆ 48 ಲೀಟರ್, ₹102ರ ಲೆಕ್ಕದಲ್ಲಿ ಸುಮಾರು ₹4,900. ಪರೀಕ್ಷೆಯಲ್ಲಿ ಬಂದದ್ದರಲ್ಲಿ ಅರ್ಧ ಮಾತ್ರ ರಸ್ತೆಯಲ್ಲಿ ಸಿಕ್ಕಿತು ಎಂದುಕೊಂಡರೆ ₹2,450. ಕಾರಿನ ಬೆಲೆಯ ಮುಂದೆ ಇದು ಸಣ್ಣ ಮೊತ್ತವೇ. ಆದರೆ ಅರ್ಧ ಸಿಗುತ್ತದೋ ಪೂರ್ತಿ ಸಿಗುತ್ತದೋ ಎಂಬುದನ್ನು ನಿರ್ಧರಿಸುವುದು ಎಂಜಿನ್‌ಗಿಂತ ಹೆಚ್ಚಾಗಿ ರಸ್ತೆ.

ಇದನ್ನು ಹೊಸಕೋಟೆಯವರಷ್ಟು ಸುಲಭವಾಗಿ ಬೇರೆಯವರು ನೋಡಲಾರರು. ನಮ್ಮ ಒಂದು ಕಡೆ ಹಳೇ ಮದ್ರಾಸು ರಸ್ತೆ. ಬೆಳಿಗ್ಗೆ ಒಂಬತ್ತಕ್ಕೆ ಕೆ.ಆರ್. ಪುರ, ಟಿನ್ ಫ್ಯಾಕ್ಟರಿ ದಾಟುವ ಹೊತ್ತಿಗೆ ಕ್ಲಚ್ ಒತ್ತಿ ಒತ್ತಿ ಕಾಲು ನೋಯುತ್ತದೆ. ಆ 1.4 ಲೀಟರ್ ಎಂಜಿನ್‌ನಲ್ಲಿ ಎರಡು ಸಿಲಿಂಡರ್ ನಿಲ್ಲುತ್ತಿದ್ದದ್ದು ನಿಮಿಷಕ್ಕೆ 1,400ರಿಂದ 4,000 ಸುತ್ತುಗಳ ನಡುವೆ, ಭಾರ ಕಡಿಮೆ ಇದ್ದಾಗ ಮಾತ್ರ. ಜಾಮ್‌ನಲ್ಲಿ ನಿಂತಾಗ ಎಂಜಿನ್ ಇದಕ್ಕಿಂತ ನಿಧಾನ ತಿರುಗುತ್ತದೆ; ಹತ್ತಡಿ ಮುಂದೆ ಹೋಗಲು ಆಕ್ಸಿಲರೇಟರ್ ಒತ್ತಿದಾಗ ಭಾರ ಹೆಚ್ಚು. ಎರಡೂ ಸಂದರ್ಭದಲ್ಲಿ ನಾಲ್ಕು ಸಿಲಿಂಡರ್ ದುಡಿಯುತ್ತಲೇ ಇರುತ್ತವೆ.

ಇನ್ನೊಂದು ಕಡೆ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ. ಒಟ್ಟು 262 ಕಿ.ಮೀ.ಗಳ ಈ ರಸ್ತೆ ಶುರುವಾಗುವುದೇ ಹೊಸಕೋಟೆಯಲ್ಲಿ. ಕರ್ನಾಟಕದೊಳಗಿನ ಸುಮಾರು 70 ಕಿ.ಮೀ. ಭಾಗದಲ್ಲಿ 2024ರ ಡಿಸೆಂಬರ್‌ನಲ್ಲಿ ವಾಹನಗಳು ಓಡಾಡಲು ಶುರುವಾದವು. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ ಮೂಲಕ ಹೊಸಕೋಟೆ ಸೇರುವ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆಯ 80 ಕಿ.ಮೀ. ಭಾಗ 2024ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಸಿಗ್ನಲ್ ಇಲ್ಲದೆ, ಒಂದೇ ವೇಗದಲ್ಲಿ, ಹಗುರ ಕಾಲಿನಲ್ಲಿ ಹೋಗುವ ಇಂಥ ರಸ್ತೆಗಳೇ ಎರಡು ಸಿಲಿಂಡರ್ ಓಟಕ್ಕೆ ಹೇಳಿ ಮಾಡಿಸಿದ ಜಾಗ. ಭಾನುವಾರ ನಸುಕಿಗೇ ಹೊಸಕೋಟೆ ಬಿರಿಯಾನಿಗೆಂದು ಬೆಂಗಳೂರಿನಿಂದ ಖಾಲಿ ರಸ್ತೆಯಲ್ಲಿ ಬರುವ ಕಾರಿಗೂ, ಅದೇ ಕಾರಿನಲ್ಲಿ ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗುವವರಿಗೂ ಸಿಗುವ ಮೈಲೇಜ್ ಬೇರೆ ಬೇರೆ. ಆದರೆ ಎಕ್ಸ್‌ಪ್ರೆಸ್‌ವೇಯಲ್ಲೂ 120ರಲ್ಲಿ ಹಾರಿದರೆ ಲಾಭ ಕರಗುತ್ತದೆ. ಗಾಳಿಯ ಪ್ರತಿರೋಧ ವೇಗದ ವರ್ಗದ ಪ್ರಮಾಣದಲ್ಲಿ ಏರುತ್ತದೆ, ಎರಡು ಸಿಲಿಂಡರ್‌ಗೆ ಅದು ಹೊರೆಯಾಗುತ್ತದೆ.

ನಮ್ಮ ಸ್ಕೂಟರ್, ಬೈಕ್‌ಗಳಿಗೆ ಇದರಿಂದ ಏನು ಬಂತು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ದೇಶದ ಪೆಟ್ರೋಲ್‌ನಲ್ಲಿ ಶೇ 60ಕ್ಕೂ ಹೆಚ್ಚು ದ್ವಿಚಕ್ರ ವಾಹನಗಳಿಗೇ ಹೋಗುತ್ತದೆ ಎಂದು 2014ರಲ್ಲಿ ಪ್ರಕಟವಾದ ಪೆಟ್ರೋಲಿಯಂ ಸಚಿವಾಲಯದ ಯೋಜನೆ ಮತ್ತು ವಿಶ್ಲೇಷಣಾ ಕೋಶದ ಸಮೀಕ್ಷೆ ಹೇಳಿತ್ತು. ಇರುವುದೇ ಒಂದು ಸಿಲಿಂಡರ್ ಆದಾಗ ಅರ್ಧ ನಿಲ್ಲಿಸಲು ಆಗುವುದಿಲ್ಲ. ಅಲ್ಲಿ ಉಳಿಯುವ ದಾರಿ ನಿಂತಾಗ ಪೂರ್ತಿ ನಿಲ್ಲಿಸುವುದು. 2019ರಲ್ಲಿ ಬಂದ ಬಿಎಸ್6 ಆಕ್ಟಿವಾ 125ರಲ್ಲಿ ಸಿಗ್ನಲ್‌ನಲ್ಲಿ ಎಂಜಿನ್ ತಾನೇ ಆಫ್ ಆಗಿ, ಆಕ್ಸಿಲರೇಟರ್ ತಿರುಗಿಸಿದಾಗ ಮತ್ತೆ ಆನ್ ಆಗುವ ವ್ಯವಸ್ಥೆ ಇತ್ತು. ವಿಧಾನ ಬೇರೆಯಾದರೂ ತತ್ವ ಒಂದೇ: ಕೆಲಸವಿಲ್ಲದ ಸಿಲಿಂಡರ್‌ಗೆ ಪೆಟ್ರೋಲ್ ಹಾಕಬೇಡ.

ಗಾತ್ರ ಅಳೆಯುವ ತೆರಿಗೆ

ಎಂಜಿನ್ ಈಗ ತನ್ನ ಗಾತ್ರವನ್ನು ತಾನೇ ಬದಲಿಸಿಕೊಳ್ಳುತ್ತದೆ. ನಮ್ಮ ತೆರಿಗೆ ಮಾತ್ರ ಅದನ್ನು ಕಲ್ಲಿನಂತೆ ಒಂದೇ ಗಾತ್ರದ್ದು ಎಂದು ನೋಡುತ್ತದೆ. 2025ರ ಸೆಪ್ಟೆಂಬರ್ 22ರಿಂದ ಬಂದ ಹೊಸ ಜಿಎಸ್‌ಟಿ ಪ್ರಕಾರ, 1,200 ಸಿಸಿ ಒಳಗಿನ, ನಾಲ್ಕು ಮೀಟರ್ ಮೀರದ ಪೆಟ್ರೋಲ್ ಕಾರಿಗೆ ಶೇ 18 ತೆರಿಗೆ. ಈ ಗೆರೆ ದಾಟಿದರೆ ಶೇ 40. ಸಣ್ಣ ಕಾರು ಕೊಳ್ಳುವ ಮಧ್ಯಮ ವರ್ಗಕ್ಕೆ ಇದರಿಂದ ಅನುಕೂಲವಾಯಿತು, ಅದು ಒಳ್ಳೆಯದೇ. ಆದರೆ 1,500 ಸಿಸಿ ಎಂಜಿನ್ ಒಂದು ಹೆದ್ದಾರಿಯಲ್ಲಿ 750 ಸಿಸಿಯಂತೆ ವರ್ತಿಸಿ ಪೆಟ್ರೋಲ್ ಉಳಿಸಿದರೆ ಅದಕ್ಕೆ ಈ ಲೆಕ್ಕದಲ್ಲಿ ಬೆಲೆಯೇ ಇಲ್ಲ. ಹೀಗಾಗಿ ಕಂಪನಿಗಳು 1,200 ಸಿಸಿ ಗೆರೆಯೊಳಗೆ ಮೂರು ಸಿಲಿಂಡರ್ ಎಂಜಿನ್ ಕೂರಿಸುವತ್ತ ಹೋಗುತ್ತವೆ. ಸಿಲಿಂಡರ್ ನಿಲ್ಲಿಸುವ ಹೆಚ್ಚುವರಿ ಖರ್ಚನ್ನು ಅಗ್ಗದ ಕಾರಿನ ಮೇಲೆ ಹೊರಿಸಲು ಯಾರೂ ಮುಂದಾಗುವುದಿಲ್ಲ.

ಬಳಕೆಯನ್ನೇ ಅಳೆಯುವ ನಿಯಮವೂ ಒಂದಿದೆ. ಅದು ಕೆಫೆ, ಅಂದರೆ ಒಂದು ಕಂಪನಿ ವರ್ಷದಲ್ಲಿ ಮಾರಿದ ಎಲ್ಲ ಕಾರುಗಳ ಸರಾಸರಿ ಇಂಧನ ಬಳಕೆಗೆ ಹಾಕುವ ಮಿತಿ. ಮೊದಲ ಹಂತ 2017–18ರಲ್ಲಿ, ಎರಡನೆಯದು 2022–23ರಲ್ಲಿ ಶುರುವಾಯಿತು. ಕಿ.ಮೀ.ಗೆ 130 ಗ್ರಾಂ ಇದ್ದ ಇಂಗಾಲದ ಡೈಆಕ್ಸೈಡ್ ಸರಾಸರಿ ಗುರಿ 113 ಗ್ರಾಂಗೆ ಇಳಿಯಿತು. ಪೆಟ್ರೋಲ್ ಕಾರಿನ ಭಾಷೆಯಲ್ಲಿ ಇದು ಲೀಟರ್‌ಗೆ ಸುಮಾರು 20–21 ಕಿ.ಮೀ. 2027ರ ಏಪ್ರಿಲ್‌ನಿಂದ ಮೂರನೇ ಹಂತ ತರುವ ಕರಡನ್ನು ಇಂಧನ ದಕ್ಷತಾ ಬ್ಯೂರೊ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಸಣ್ಣ ಕಾರುಗಳಿಗೆ ರಿಯಾಯಿತಿ ಕೊಡಬೇಕೇ ಬೇಡವೇ ಎಂಬ ಬಗ್ಗೆ ಕಂಪನಿಗಳ ನಡುವೆಯೇ ಜಗಳ ಶುರುವಾಯಿತು.

ಇಲ್ಲಿ ಒಂದು ಸರಳ ಗುಣಾಕಾರ ಮಾಡಿ ನೋಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್. 100 ಕಿ.ಮೀ.ಗೆ 0.4 ಲೀಟರ್ ಉಳಿದರೆ, ಕಿ.ಮೀ.ಗೆ 9 ಗ್ರಾಂ ಕಡಿಮೆ. 130ರಿಂದ 113ಕ್ಕೆ ಇಳಿಯಲು ಬೇಕಿದ್ದದ್ದು 17 ಗ್ರಾಂ. ಅಂದರೆ ಅಂಥ ಒಂದು ಕಾರಿನ ಮಟ್ಟಿಗೆ, ಪರೀಕ್ಷೆಯ ಅಂಕಿ ಹಿಡಿದರೆ, ಅರ್ಧ ದಾರಿಯನ್ನು ಇದೊಂದೇ ಉಪಾಯ ಸಾಗಿಸುತ್ತದೆ. ಕೊಳ್ಳುವವರ ಜೇಬಿಗೆ ಸಣ್ಣದಾಗಿ ಕಾಣುವುದು ಕಂಪನಿಗೆ ದೊಡ್ಡದಾಗಿ ಕಾಣುವುದು ಇದೇ ಕಾರಣಕ್ಕೆ.

ಇನ್ನು ಎಥನಾಲ್. ಲೀಟರ್‌ಗೆ ಲೀಟರ್ ಹೋಲಿಸಿದರೆ ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ. ನೀತಿ ಆಯೋಗದ 2021ರ ವರದಿಯೇ, ಹಳೆಯ ಪೆಟ್ರೋಲ್‌ಗೆಂದು ವಿನ್ಯಾಸ ಮಾಡಿ ಶೇ 10ರ ಮಿಶ್ರಣಕ್ಕೆ ಹೊಂದಿಸಿದ ಕಾರುಗಳು ಇ20ರಲ್ಲಿ ಶೇ 6–7ರಷ್ಟು, ದ್ವಿಚಕ್ರ ವಾಹನಗಳು ಶೇ 3–4ರಷ್ಟು ಮೈಲೇಜ್ ಕಳೆದುಕೊಳ್ಳಬಹುದು ಎಂದಿತ್ತು. ಇ20ಗೆ ಹೊಂದಿಸಿದ ಕಾರುಗಳಲ್ಲಿ ಶೇ 1–2. ಕಬ್ಬು, ಮೆಕ್ಕೆಜೋಳ ಬೆಳೆಯುವ ರೈತರಿಗೆ ಎಥನಾಲ್‌ನಿಂದ ಲಾಭವಿದೆ, ಆಮದು ಖರ್ಚೂ ಕಡಿಮೆಯಾಗುತ್ತದೆ. ಆದರೆ ಎಂಜಿನಿಯರ್‌ಗಳು ಕಷ್ಟಪಟ್ಟು ಉಳಿಸಿದ ಕೆಲವು ಶೇಕಡವನ್ನು ಟ್ಯಾಂಕ್‌ನೊಳಗಿನ ಇಂಧನವೇ ವಾಪಸ್ ತೆಗೆದುಕೊಂಡರೆ, ‘ಎಷ್ಟು ಕೊಡ್ತದೆ’ ಎಂದು ಕೇಳುವವರಿಗೆ ಸುಧಾರಣೆ ಕಾಣುವುದೇ ಇಲ್ಲ. ಗಾತ್ರ, ಉದ್ದ ನೋಡಿ ತೆರಿಗೆ ಹಾಕುವ ಬದಲು, ನಿಜವಾದ ರಸ್ತೆಯಲ್ಲಿ, ಬಂಕ್‌ನಲ್ಲಿ ಸಿಗುವ ಅದೇ ಪೆಟ್ರೋಲ್‌ನಲ್ಲಿ ಎಷ್ಟು ಖರ್ಚಾಯಿತು ಎಂದು ನೋಡಿ ಹಾಕುವುದು ಹೆಚ್ಚು ನ್ಯಾಯ ಎಂಬುದು ನನ್ನ ಅಭಿಪ್ರಾಯ.

ಬಿಡದಿಯ ಪೈಪೋಟಿ

ಸಿಲಿಂಡರ್ ನಿಲ್ಲಿಸುವುದೇ ಕೊನೆಯ ಉತ್ತರ ಎಂದು ನಾನು ವಾದಿಸುವುದಿಲ್ಲ. ಇದಕ್ಕಿಂತ ಒಂದು ಹೆಜ್ಜೆ ಮುಂದಿನದು ನಮ್ಮ ರಾಜ್ಯದಲ್ಲೇ ತಯಾರಾಗುತ್ತಿದೆ. ಬಿಡದಿಯ ಟೊಯೊಟ ಕಾರ್ಖಾನೆಯಲ್ಲಿ 2022ರಿಂದ ತಯಾರಾಗುತ್ತಿರುವ ಹೈರೈಡರ್‌ನ ಹೈಬ್ರಿಡ್ ಮಾದರಿ ಎರಡೇ ಸಿಲಿಂಡರ್ ಅಲ್ಲ, ಇಡೀ ಎಂಜಿನ್ನನ್ನೇ ನಿಲ್ಲಿಸಿ ಸ್ವಲ್ಪ ದೂರ ಬ್ಯಾಟರಿಯಲ್ಲಿ ಓಡುತ್ತದೆ. ಪರೀಕ್ಷೆಯಲ್ಲಿ ಅದಕ್ಕೆ ಸಿಕ್ಕ ಅಂಕಿ ಲೀಟರ್‌ಗೆ 27.97 ಕಿ.ಮೀ. ಎರಡು ಸಿಲಿಂಡರ್‌ನ ಉಪಾಯ ಸೋಲುವ ಟಿನ್ ಫ್ಯಾಕ್ಟರಿಯ ಜಾಮ್‌ನಲ್ಲೇ ಹೈಬ್ರಿಡ್ ಗೆಲ್ಲುತ್ತದೆ. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನೂ ಅದು ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಆದರೆ ಬ್ಯಾಟರಿ, ಮೋಟಾರ್ ಸೇರಿ ಬೆಲೆ ಹೆಚ್ಚು. ಸಿಲಿಂಡರ್ ನಿಲ್ಲಿಸುವುದಕ್ಕೆ ಅಷ್ಟು ಖರ್ಚಿಲ್ಲ.

ಹಾಗಾದರೆ ಸಿಲಿಂಡರ್ ನಿಲ್ಲಿಸುವುದು, ಹೈಬ್ರಿಡ್, ಎಲೆಕ್ಟ್ರಿಕ್ ಈ ಮೂರರಲ್ಲಿ ಯಾವುದು ಗೆಲ್ಲುತ್ತದೆ? ಈ ಪ್ರಶ್ನೆಗಿಂತ ನನಗೆ ಮುಖ್ಯ ಎನಿಸುವುದು ಮೂರರಲ್ಲೂ ಸಮಾನವಾಗಿರುವ ಸಂಗತಿ. ಬೇಕಾದಾಗ ಬೇಕಾದಷ್ಟೇ ಶಕ್ತಿ ಕೊಡು ಎಂದು ಕ್ಷಣಕ್ಷಣಕ್ಕೂ ನಿರ್ಧರಿಸುವ ನಿಯಂತ್ರಣ ಮೂರಕ್ಕೂ ಬೇಕು. 1981ರ ಕ್ಯಾಡಿಲಾಕ್ ಸೋತದ್ದು ಅದಿಲ್ಲದೆ.

ಪಿಲ್ಲಗುಂಪೆ ಕಲಿಯಬೇಕಾದದ್ದು

ಬೆಂಗಳೂರಿನ ಸುತ್ತ ಒಂದು ವಿಚಿತ್ರ ಸನ್ನಿವೇಶ ಇದೆ. ಆಡುಗೋಡಿಯಲ್ಲಿ 1950ರ ದಶಕದಲ್ಲಿ ಮೈಕೊ ಹೆಸರಿನಲ್ಲಿ ಕಾರ್ಖಾನೆ ತೆರೆದ ಬಾಷ್, ಇಂದು ಇದೇ ನಗರದಲ್ಲಿ ದೊಡ್ಡ ಸಾಫ್ಟ್‌ವೇರ್ ಸಂಸ್ಥೆಯನ್ನೂ ನಡೆಸುತ್ತದೆ. ಮರ್ಸಿಡಿಸ್-ಬೆಂಜ್‌ನ ಸಂಶೋಧನಾ ಕೇಂದ್ರ 1996ರಿಂದ ಬೆಂಗಳೂರಿನಲ್ಲಿದೆ. ಜಗತ್ತಿನ ಕಾರುಗಳಿಗೆ ಬೇಕಾದ ಕೋಡ್ ಇಲ್ಲಿ ಬರೆಯುತ್ತಾರೆ. ಅಲ್ಲಿಂದ ಒಂದು ಗಂಟೆ ದೂರದ ಪಿಲ್ಲಗುಂಪೆಯಂಥ ಪ್ರದೇಶಗಳಲ್ಲಿ ನಾವು ಲೋಹ ಕೊರೆಯುತ್ತೇವೆ, ಉಜ್ಜುತ್ತೇವೆ, ಅಳೆಯುತ್ತೇವೆ. ಕೋಡ್ ಬರೆಯುವವರಿಗೆ ಲೋಹದ ಪರಿಚಯ ಕಡಿಮೆ, ಲೋಹದವರಿಗೆ ಕೋಡ್‌ನ ಪರಿಚಯ ಇಲ್ಲ. ಸಂಬಳದಲ್ಲಿರುವ ಅಂತರ ಹೇಳುವುದೇ ಬೇಡ. ಆದರೆ ಕ್ಯಾಮ್‌ಶಾಫ್ಟ್ ಮೇಲಿನ ತೋಳು ಮಿಲಿಸೆಕೆಂಡ್‌ಗಳಲ್ಲಿ ಜಾರಬೇಕೆಂದರೆ ಮೈಕ್ರಾನ್ ಲೆಕ್ಕದ ಲೋಹವೂ ಬೇಕು, ಸರಿಯಾದ ಕೋಡ್ ಕೂಡ ಬೇಕು. ಇವೆರಡರ ನಡುವೆ ನಿಲ್ಲಬಲ್ಲವರಿಗೆ ಮುಂದೆ ಬೇಡಿಕೆ ಇದೆ ಎಂಬುದು ನನ್ನ ನಂಬಿಕೆ.

ನಮ್ಮ ಪಾಠದಲ್ಲಿ ಎಂಜಿನ್ ಎಂದರೆ ಇನ್ನೂ ಬೋರ್, ಸ್ಟ್ರೋಕ್, ನಾಲ್ಕು ಹಂತಗಳ ಚಿತ್ರ. ಪರೀಕ್ಷೆಗೆ ಚಿತ್ರ ಬರೆದು ಭಾಗಗಳ ಹೆಸರು ಹಾಕಿದರೆ ಅಂಕ. ಆ ಭಾಗಗಳಿಗೆ ಯಾವ ಸೆನ್ಸರ್ ಏನು ಹೇಳುತ್ತದೆ, ಕಂಪ್ಯೂಟರ್ ಅದನ್ನು ಕೇಳಿ ಏನು ಮಾಡುತ್ತದೆ ಎಂಬ ಪ್ರಶ್ನೆ ಬರುವುದು ಅಪರೂಪ. ತೆರಿಗೆಯಂತೆಯೇ ಪಾಠವೂ ಎಂಜಿನ್‌ನ ಗಾತ್ರದಲ್ಲೇ ನಿಂತಿದೆ. ಬದಲಾವಣೆಯ ಸೂಚನೆಗಳೂ ಇವೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೆ ಏರಿಸಿ, ಹೊಸ ಯಂತ್ರಗಳನ್ನು ಹಾಕಿದ್ದಾರೆ. ಆ ಯಂತ್ರಗಳ ಮೇಲೆ ಎಷ್ಟು ಮಂದಿ ಕೈ ಪಳಗಿಸುತ್ತಾರೆ ಎಂಬುದೇ ಮುಂದಿನ ಪ್ರಶ್ನೆ.

ನನ್ನಂತೆ ಕೆಲಸ ಹುಡುಕುವ, ಕೆಲಸ ಬದಲಿಸಬೇಕೆನ್ನುವ ಮೆಕ್ಯಾನಿಕಲ್, ಆಟೊಮೊಬೈಲ್ ವಿದ್ಯಾರ್ಥಿಗಳಿಗೆ ಹೇಳಬೇಕೆನಿಸುವುದು ಇಷ್ಟು. ಒಂದು, ಅಳತೆಯ ಕೌಶಲ ಬಿಡಬೇಡಿ. ಮೈಕ್ರೊಮೀಟರ್ ಹಿಡಿಯುವುದರಿಂದ ಸಿಎಂಎಂ ಯಂತ್ರ ಓದುವವರೆಗೆ ಕಲಿತದ್ದು ಎಂಜಿನ್ ಹೋದರೂ ಮೋಟಾರ್ ಭಾಗಕ್ಕೆ, ವಿಮಾನದ ಭಾಗಕ್ಕೆ ಬರುತ್ತದೆ. ಎರಡು, ಕಾರಿನ ಕಂಪ್ಯೂಟರ್ ಜೊತೆ ಮಾತಾಡುವುದನ್ನು ಕಲಿಯಿರಿ. 2023ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್6 ಎರಡನೇ ಹಂತದಲ್ಲಿ, ಹೊಗೆ ನಿಯಂತ್ರಣ ಸರಿಯಾಗಿದೆಯೇ ಎಂದು ಕಾರು ತಾನೇ ಗಮನಿಸುತ್ತಿರಬೇಕು. ಒಬಿಡಿ ಸ್ಕ್ಯಾನರ್ ಚುಚ್ಚಿ ಬಂದ ಕೋಡ್ ಓದಿ, ತೊಂದರೆ ಸೆನ್ಸರ್‌ನದೋ ವಾಲ್ವ್‌ನದೋ ಎಂದು ಹೇಳಬಲ್ಲವರು ಸಣ್ಣ ಊರಿನ ಗ್ಯಾರೇಜ್‌ಗಳಲ್ಲಿ ಇನ್ನೂ ಕಡಿಮೆ. ಎರಡು ಸಿಲಿಂಡರ್ ನಿಲ್ಲುವ ಕಾರು ಹಳೆಯದಾಗಿ ನಮ್ಮ ಊರಿನ ಗ್ಯಾರೇಜ್‌ಗೆ ಬರುವ ದಿನ ದೂರವಿಲ್ಲ. ಎರಡು ಸಿಲಿಂಡರ್ ಬೇಕೆಂದೇ ನಿಂತಿವೆಯೋ, ಕೆಟ್ಟು ನಿಂತಿವೆಯೋ ಎಂದು ಗುರುತಿಸಲಾಗದವರು ಆ ಕಾರಿಗೆ ಕೈ ಹಾಕುವಂತಿಲ್ಲ. ಮೂರು, ನಿಯಂತ್ರಣದ ಮೂಲ ಪಾಠವನ್ನು ಭಯಪಡದೆ ಓದಿ. ಇಲೆಕ್ಟ್ರಾನಿಕ್ಸ್ ಓದುವ ಗೆಳೆಯರಿದ್ದರೆ ಅವರೊಂದಿಗೆ ಕೂತು, ಅಗ್ಗದ ಮೈಕ್ರೊಕಂಟ್ರೋಲರ್ ಬೋರ್ಡ್‌ನಲ್ಲಿ ಒಂದು ಸಣ್ಣ ಮೋಟಾರಿನ ವೇಗ ನಿಯಂತ್ರಿಸಿ ನೋಡಿ. ಕೊನೆಯ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತರುವುದಕ್ಕಿಂತ ಸಂದರ್ಶನದಲ್ಲಿ ಅದು ಹೆಚ್ಚು ಬಾಳುತ್ತದೆ.

ಮಾಲೀಕರು, ಸಂಘಗಳು ಮಾಡಬೇಕಾದದ್ದೂ ಇದೆ. ಪಿಲ್ಲಗುಂಪೆಯ ಸಣ್ಣ ಘಟಕಗಳಲ್ಲಿ ನಾವು ಮಾಡುವ ಭಾಗ ಯಾವ ಎಂಜಿನ್‌ಗೆ, ಯಾವ ಕೆಲಸಕ್ಕೆ ಹೋಗುತ್ತದೆ ಎಂದು ಕೆಲಸಗಾರರಿಗೆ ಹೇಳುವ ಅಭ್ಯಾಸ ಕಡಿಮೆ. ಡ್ರಾಯಿಂಗ್ ಕೊಡುತ್ತಾರೆ, ಸಂಖ್ಯೆ ಕೊಡುತ್ತಾರೆ, ಪೀಸ್ ಎಣಿಸುತ್ತಾರೆ. ಒಂದು ಭಾಗದಲ್ಲಿ ಐದು ಮೈಕ್ರಾನ್ ತಪ್ಪಿದರೆ ಹೆದ್ದಾರಿಯಲ್ಲಿ ಏನಾಗುತ್ತದೆ ಎಂದು ಗೊತ್ತಿದ್ದವರು ಅದೇ ಭಾಗವನ್ನು ಬೇರೆ ಎಚ್ಚರದಲ್ಲಿ ಮಾಡುತ್ತಾರೆ. ತಿಂಗಳಿಗೊಮ್ಮೆ ಎರಡು ತಾಸು, ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್‌ಗಳನ್ನು ಇಲ್ಲಿಗೆ ಕರೆಸಿ ಅಪ್ರೆಂಟಿಸ್‌ಗಳ ಜೊತೆ ಕೂರಿಸಿದರೆ ಖರ್ಚು ಹೆಚ್ಚಾಗದು. ಕಲಿಯುವುದು ಇಬ್ಬರೂ ಕಲಿಯುತ್ತಾರೆ.

ಎಂಜಿನ್‌ಗೆ ಇನ್ನು ಎಷ್ಟು ಆಯುಷ್ಯ ಎಂದು ಕೇಳುವವರಿಗೆ ನನ್ನ ಉತ್ತರ ಇದು. ಇಂದು ಶೋರೂಮ್‌ನಿಂದ ಹೊರಬರುವ ಪೆಟ್ರೋಲ್ ಕಾರು ಹದಿನೈದು ವರ್ಷ ರಸ್ತೆಯಲ್ಲಿರುತ್ತದೆ. ಅಷ್ಟು ವರ್ಷ ಅದನ್ನು ಕಡಿಮೆ ಪೆಟ್ರೋಲ್‌ನಲ್ಲಿ ಓಡಿಸುವ ಕೆಲಸ, ಕೆಟ್ಟಾಗ ಸರಿಮಾಡುವ ಕೆಲಸ ಇದ್ದೇ ಇರುತ್ತದೆ. ಆ ಕೆಲಸ ನಮ್ಮ ತಾಲ್ಲೂಕಿನ ಹುಡುಗ ಹುಡುಗಿಯರಿಗೆ ಸಿಗಬೇಕಾದರೆ, ಎಂಜಿನ್ ಎಷ್ಟು ದೊಡ್ಡದು ಎಂಬ ಪಾಠದ ಜೊತೆಗೆ, ಯಾವ ಸಿಲಿಂಡರ್ ಯಾವಾಗ ದುಡಿಯಬೇಕು, ಯಾವಾಗ ಸುಮ್ಮನಿರಬೇಕು ಎಂಬುದೂ ನಮ್ಮ ಐಟಿಐ, ಪಾಲಿಟೆಕ್ನಿಕ್‌ಗಳ ತರಗತಿಗೆ ಬರಬೇಕು. ಅದು ಬರುವವರೆಗೆ ಕಾಯದೆ, ಈ ವರ್ಷದ ಪ್ರಾಜೆಕ್ಟ್‌ನಿಂದಲೇ ನಾವು ಶುರು ಮಾಡಬಹುದು.